ಊರ ಖಜಾನೆಯ ಕೀಲಿ ಯಾರ ಕೈಯಾಗ?

ಸರಣಿ: ನಮ್ಮೂರ ಲೆಕ್ಕ

1/6
ನಗರಸಭೆ ಬಜೆಟ್ ಸಭೆ ಅಂದ್ರ ಹೆಚ್ಚೂಕಮ್ಮಿ ಎಲ್ಲಾ ಕಡೆ ಒಂದೇ ಕಥಿ. ಸದಸ್ಯರು ಗಟಾರ, ಕುಡಿಯೋ ನೀರು, ಬೀದಿದೀಪ ಕೇಳ್ತಾರ. ‘ಅನುದಾನ ಬರಲಿ, ಮಾಡೋಣ’ ಅನ್ನೋ ಉತ್ತರ ಬರ್ತದ. ‘ಹಂಗಾದ್ರ ತೆರಿಗೆ ಏರಿಸೋಣೇನು?’ ಅಂದ್ರ ಸಭೆ ಗಪ್‌ಚಿಪ್.

ಇದು ಬರೀ ರಾಜಕೀಯ ಅಲ್ಲ ದೋಸ್ತ್ರ, ಇದರ ಹಿಂದ ಇತಿಹಾಸ ಐತಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ರೊಕ್ಕ ಯಾವ ಕಾಲಕ್ಕೆ ಯಾರ ಕೈಯಾಗ ಇತ್ತು ಅಂತ ನೋಡ್ಕೊಂತ ಬರೋಣ.

2/6
ನಮ್ಮ ನಾಲ್ಕೂ ಊರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆದರೆ ಖಜಾನೆ ಒಂದೇ ಇರಲಿಲ್ಲ. ಕೊಪ್ಪಳ, ಯಲಬುರ್ಗಾ ತಾಲ್ಲೂಕುಗಳು ಸಾಲಾರ್ ಜಂಗ್ ಮನೆತನದ ಜಹಗೀರು. ಗಂಗಾವತಿ, ಕುಷ್ಟಗಿ ಲಿಂಗಸುಗೂರು ಜಿಲ್ಲೆಗೆ ಸೇರಿದ್ದವು; 1905ರಲ್ಲಿ ಆ ಜಿಲ್ಲೆ ರದ್ದಾಗಿ ಇವೆರಡೂ ರಾಯಚೂರಿಗೆ ಸೇರಿದವು.

ಅಂದ್ರ ಪಕ್ಕಪಕ್ಕದ ಹೊಲದ ಕಂದಾಯ ಬೇರೆ ಬೇರೆ ಗಂಟಿಗೆ ಹೋಗ್ತಿತ್ತು. ರಸ್ತೆ, ಶಾಲೆಯಂಥ ಊರ ಕೆಲಸಕ್ಕೆ ಸಂಸ್ಥಾನದಲ್ಲಿ ಕಂದಾಯದ ರೂಪಾಯಿಗೆ ಒಂದು ಆಣೆಯಂತೆ ‘ಲೋಕಲ್ ಸೆಸ್’ ಹಾಕ್ತಿದ್ದರು. ರೂಪಾಯಿಗೆ 16 ಆಣೆ. ಹದಿನಾರರಲ್ಲಿ ಒಂದರ ಲೆಕ್ಕ. ಕೊಟ್ಟವರು ರೈತರು. ಎಲ್ಲಿ ಖರ್ಚು ಮಾಡಬೇಕು ಅಂತ ಅವರನ್ನ ಕೇಳಿ ನಡೀತಿರಲಿಲ್ಲ.

3/6
1948ರ ಸೆಪ್ಟೆಂಬರ್ 17ರ ನಂತರ ಚಿತ್ರ ಬದಲಾಯಿತು. 1949ರಲ್ಲಿ ಜಹಗೀರುಗಳು ರದ್ದಾದವು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಆಗ ಮುಂಬಯಿ ಭಾಗದ ಪುರಸಭೆಗಳಿಗೆ ಒಂದು ಕಾನೂನು, ಹಳೇ ಮೈಸೂರಿಗೆ ಇನ್ನೊಂದು, ಹೈದರಾಬಾದ್ ಭಾಗಕ್ಕೆ ಮತ್ತೊಂದು. ಎಲ್ಲವನ್ನೂ ಒಂದು ಮಾಡಿದ್ದು 1964ರ ಪುರಸಭೆ ಕಾಯ್ದೆ.

ಆ ಕಾಲದಲ್ಲಿ ರಾಜ್ಯದ ಪುರಸಭೆಗಳ ಕೈಯಾಗ ಒಂದು ದೊಡ್ಡ ಆದಾಯ ಇತ್ತು: ಆಕ್ಟ್ರಾಯ್, ನಮ್ಮ ಹಿರಿಯರ ಮಾತಿನಾಗ ಜಕಾತಿ. ಊರ ಬಾಯಿಗೆ ನಾಕಾ. ಒಳಗ ಬರೋ ಸರಕಿಗೆ ಅಲ್ಲೇ ವಸೂಲಿ. ದಿನಾ ರೊಕ್ಕ ಬರೋದು, ಅದೂ ಸ್ವಂತದ್ದು.

4/6
ಆದರೆ ನಾಕಾದಾಗ ಗಾಡಿ ನಿಲ್ಲಬೇಕು, ತಪಾಸಣೆ ಆಗಬೇಕು. ಕಾಯೋದು, ಕಿರಿಕಿರಿ, ಮೇಲಿನ ರೊಕ್ಕ! ವ್ಯಾಪಾರಿಗಳ ವಿರೋಧ ಹೆಚ್ಚಿತು. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದುಹಾಕಿ ರಾಜ್ಯಮಟ್ಟದ ಪ್ರವೇಶ ತೆರಿಗೆ ತಂದಿತು. ಪುರಸಭೆಗಳ ನಷ್ಟಕ್ಕೆ ಸರ್ಕಾರವೇ ಅನುದಾನ ಕೊಡುವುದು ಅಂತಾಯಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಆ ಪ್ರವೇಶ ತೆರಿಗೆಯೂ ಅದರೊಳಗ ಕರಗಿತು.

ನಾಕಾ ಹೋಗಿದ್ದು ಒಳ್ಳೇದೇ. ಆದ್ರ ಒಂದು ಮಾತು ನೋಡ್ರಿ: ಊರು ತಾನೇ ದುಡಿದ ರೊಕ್ಕ ಹೋಗಿ, ಬೆಂಗಳೂರು ಕಳಿಸೋ ರೊಕ್ಕ ಬಂತು. ದುಡಿಯೋ ಮಗ ಕೈಖರ್ಚಿಗೆ ಅಪ್ಪನ ಮುಂದ ನಿಂತಂಗ.

5/6
ಉಳಿದ ದೊಡ್ಡ ಸ್ವಂತ ಆದಾಯ ಆಸ್ತಿ ತೆರಿಗೆ. ಜಕಾತಿ ಬೆಲ್ಲದ ರೇಟಿನಾಗ ಬೆರೆತು ಹೋಗ್ತಿತ್ತು, ಕೊಟ್ಟಿದ್ದು ಗೊತ್ತೇ ಆಗ್ತಿರಲಿಲ್ಲ. ಆಸ್ತಿ ತೆರಿಗೆ ನಮ್ಮ ಅಪ್ಪನ ಹೆಸರಿಗೇ ಬರ್ತದ. ಅದಕ್ಕೇ ಅದನ್ನ ಏರಿಸೋಕೆ ಸದಸ್ಯರಿಗೆ ಭಯ.

1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳಿಗೆ 18 ವಿಷಯಗಳ ಪಟ್ಟಿ ಕೊಟ್ಟಿತು, ರಾಜ್ಯ ಹಣಕಾಸು ಆಯೋಗ ಬೇಕು ಅಂದಿತು. ಕೆಲಸದ ಪಟ್ಟಿ ಉದ್ದ ಆಯ್ತು, ಸ್ವಂತ ರೊಕ್ಕದ ಪಟ್ಟಿ ಬೆಳೀಲಿಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ 60ರಷ್ಟು ನೀರು ಮತ್ತು ಸ್ವಚ್ಛತೆಗೇ ಮೀಸಲಾಗಿತ್ತು. ಉದ್ದೇಶ ಒಳ್ಳೇದೇ, ಆದ್ರ ತೀರ್ಮಾನ ದಿಲ್ಲಿಯದು. ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ ಜೋಡಿಸಿದ 2021ರ ತಿದ್ದುಪಡಿ ಬೆಂಗಳೂರಿನದು.

ಕೂತು ಚರ್ಚಿಸೋಕೆ ಕೌನ್ಸಿಲ್ಲೇ ಇಲ್ಲದ ಕಾಲವೂ ಇತ್ತು. 2018ರಲ್ಲಿ ರಾಜ್ಯದ ನೂರಕ್ಕೂ ಹೆಚ್ಚು ನಗರ ಸಂಸ್ಥೆಗಳಿಗೆ ಚುನಾವಣೆ ನಡೆದರೂ, ಅಧ್ಯಕ್ಷ ಸ್ಥಾನದ ಮೀಸಲಾತಿ ವಿವಾದ ಕೋರ್ಟ್ ಹತ್ತಿ, ಅಧಿಕಾರ ಸಿಗೋದು 2020ರವರೆಗೆ ಎಳೆಯಿತು. ಅಲ್ಲೀತನಕ ಆಡಳಿತಾಧಿಕಾರಿಗಳದ್ದೇ ಲೆಕ್ಕ.

6/6
ನನಗನಿಸೋದು ಇಷ್ಟು. ‘ತೆರಿಗೆ ಏರಿಸಬ್ಯಾಡ್ರಿ, ಅನುದಾನ ತರ್ರಿ’ ಅಂತ ನಾವು ಕೇಳಿದಷ್ಟೂ ನಮ್ಮೂರ ತೀರ್ಮಾನ ದೂರ ಹೋಗ್ತದ. ಹಂಗಂತ ಎಲ್ಲರ ಮೇಲೂ ಒಂದೇ ಭಾರ ಹಾಕೋದೂ ನ್ಯಾಯ ಅಲ್ಲ. ಮೇನ್ ರೋಡಿನ ಕಾಂಪ್ಲೆಕ್ಸ್ ಬಾಕಿ ಇಟ್ಟುಕೊಂಡು, ಒಂದು ಖೋಲಿಯ ಮನೆಯವರು ಏಪ್ರಿಲ್‌ದಾಗೇ ಕಟ್ಟಿದ್ರ ಆ ಲೆಕ್ಕ ತಾಳೆ ಆಗೋದಿಲ್ಲ. ಮೊದಲು ಬಾಕಿ ಪಟ್ಟಿ ಹೊರಗ ಬರಲಿ, ಆಮ್ಯಾಲ ದರದ ಮಾತು.

ಬಿಕಾಂ ಗೆಳೆಯರಿಗೆ ಒಂದು ವಿಶೇಷ: ನಾವು ಕಲಿಯೋ ಡಬಲ್ ಎಂಟ್ರಿ ಪದ್ಧತಿನೇ ಪುರಸಭೆಗಳಿಗೂ 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳಿಂದ ಬಂತು. ಅಂದ್ರ ನಮ್ಮೂರ ಬಜೆಟ್ ಪ್ರತಿ ನಮಗ ಓದೋಕೆ ಬರ್ತದ! ಬಜೆಟ್‌ಗಿಂತ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೀತಾರ. ಕೊಪ್ಪಳ, ಗಂಗಾವತಿ ನಗರಸಭೆ ಇರಲಿ, ಕುಷ್ಟಗಿ ಪುರಸಭೆ ಇರಲಿ, ಯಲಬುರ್ಗಾ ಪಟ್ಟಣ ಪಂಚಾಯಿತಿ ಇರಲಿ, ಈ ಸಲ ನಿಮ್ಮೂರಾಗ ಹೋಗಿ ಒಂದೇ ಪ್ರಶ್ನೆ ಕೇಳ್ರಿ: ‘ಸ್ವಂತ ಆದಾಯ ಎಷ್ಟು, ಬಾಕಿ ಎಷ್ಟು?’

ಉತ್ತರ ಸಿಕ್ಕರ ಕಾಮೆಂಟಿನಾಗ ಹಾಕ್ರಿ. ನಾಲ್ಕೂ ಊರಿಂದು ಒಂದು ಟೇಬಲ್ ಮಾಡೋಣ.

#ನಮ್ಮೂರಲೆಕ್ಕ #ಕೊಪ್ಪಳ #ಗಂಗಾವತಿ #ಕುಷ್ಟಗಿ #ಯಲಬುರ್ಗಾ