‘ಅಡಿಕ್ಟ್’: ನ್ಯಾಯಪೀಠದಲ್ಲಿ ಹುಟ್ಟಿದ ಮಾತು

“ನಾನು ಕಾಫಿಗೆ ಅಡಿಕ್ಟ್ ಆಗಿಬಿಟ್ಟಿದ್ದೇನೆ” ಎಂದು ಸ್ನೇಹಿತರೊಬ್ಬರು ನಗುತ್ತ ಹೇಳಿದರೆ ನೀವೂ ನಕ್ಕು ಇನ್ನೊಂದು ಲೋಟ ಮುಂದಿಡುತ್ತೀರಿ. ಬಿಡಲಾಗದ ಅಭ್ಯಾಸ ಎಂಬ ಅರ್ಥದಲ್ಲಿ ಆ ಇಂಗ್ಲಿಷ್ ಮಾತು ನಮ್ಮ ಮನೆಗಳಲ್ಲಿಯೂ ಸಲೀಸಾಗಿ ಓಡಾಡುತ್ತದೆ. ಆದರೆ ಎರಡೂವರೆ ಸಾವಿರ ವರ್ಷಗಳ ಹಿಂದೆ ರೋಮ್ ನಗರದಲ್ಲಿ ಈ ಹೆಸರನ್ನು ಹೊತ್ತು ನಿಂತವನು ನಗುವ ಸ್ಥಿತಿಯಲ್ಲಿರಲಿಲ್ಲ.

ಮಾತಿನ ಮೂಲ ಲ್ಯಾಟಿನ್ ಭಾಷೆಯ ‘ಅಡ್ಡೀಕೆರೆ’ ಎಂಬ ಕ್ರಿಯಾಪದ. ‘ಇದು ಇಂಥವನಿಗೆ ಸೇರಿತು’ ಎಂದು ನ್ಯಾಯಾಧಿಕಾರಿ ಬಾಯಿಬಿಟ್ಟು ಹೇಳಿ ಒಪ್ಪಿಸುವುದು ಎಂದು ಅದರ ಅರ್ಥ. ರೋಮಿನ ನ್ಯಾಯಾಧಿಕಾರಿಯ ಅಧಿಕಾರವೆಲ್ಲ ‘ದೋ, ದೀಕೋ, ಅಡ್ಡೀಕೋ’ ಎಂಬ ಮೂರು ಮಾತುಗಳಲ್ಲಿ ಅಡಗಿತ್ತು: ಕೊಡುತ್ತೇನೆ, ಹೇಳುತ್ತೇನೆ, ಒಪ್ಪಿಸುತ್ತೇನೆ. ನಿಷಿದ್ಧವಾದ ದಿನಗಳಲ್ಲಿ ಅವನು ಈ ಮಾತುಗಳನ್ನು ಉಚ್ಚರಿಸುವಂತಿರಲಿಲ್ಲವೆಂದು ವಾರೋ ಎಂಬ ವಿದ್ವಾಂಸ ಬರೆದಿಟ್ಟಿದ್ದಾನೆ. ರಾಹುಕಾಲ ನೋಡುವವರು ನಾವೊಬ್ಬರೇ ಅಲ್ಲ!

ಹೀಗೆ ಒಪ್ಪಿಸಲ್ಪಡುತ್ತಿದ್ದ ವಸ್ತುಗಳಲ್ಲಿ ಮನುಷ್ಯನೂ ಒಬ್ಬ. ಕ್ರಿ. ಪೂ. 450ರ ಸುಮಾರಿನ ‘ಹನ್ನೆರಡು ಫಲಕಗಳ’ ಶಾಸನದಲ್ಲಿ ಸಾಲಗಾರನ ಗತಿ ವಿವರವಾಗಿದೆ. ತೀರ್ಪಾದ ಮೇಲೆ ಅವನಿಗೆ 30 ದಿನಗಳ ಅವಕಾಶ. ಅಷ್ಟರಲ್ಲಿ ಹಣ ಸಲ್ಲದಿದ್ದರೆ, ಪರವಾಗಿ ನಿಲ್ಲುವವರೂ ಇಲ್ಲದಿದ್ದರೆ, ಸಾಲ ಕೊಟ್ಟವನು ಅವನನ್ನು ಹಿಡಿದು ಮನೆಗೆ ಎಳೆದೊಯ್ದು ಸಂಕೋಲೆ ಹಾಕಬಹುದು. ಉಣ್ಣಲು ಸ್ವಂತದ್ದೇನೂ ಇಲ್ಲದವನಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಕೊಡಬೇಕು. ಇಷ್ಟಪಟ್ಟರೆ ಹೆಚ್ಚು ಕೊಡಲೂಬಹುದೆಂದು ಕಾನೂನು ದೊಡ್ಡ ಮನಸ್ಸಿನಿಂದ ಸೇರಿಸುತ್ತದೆ! ಹೀಗೆ 60 ದಿನ. ಅದರ ನಡುವೆ ಮೂರು ಸಂತೆಗಳಲ್ಲಿ ಅವನನ್ನು ಜನರೆದುರು ನಿಲ್ಲಿಸಿ ಸಾಲದ ಮೊತ್ತವನ್ನು ಕೂಗಿ ಹೇಳುತ್ತಿದ್ದರು. ಯಾರೂ ಬಿಡಿಸಿಕೊಳ್ಳದಿದ್ದರೆ ಮರಣ, ಇಲ್ಲವೇ ಟೈಬರ್ ನದಿಯಾಚೆಯ ಪರದೇಶದಲ್ಲಿ ಮಾರಾಟ. ಇಂಥವನೇ ‘ಅಡ್ಡಿಕ್ಟುಸ್’, ಒಪ್ಪಿಸಲ್ಪಟ್ಟವನು. ಅವನು ಕುಡುಕನಾಗಿರಬೇಕಾಗಿರಲಿಲ್ಲ, ಜೂಜುಗಾರನೂ ಆಗಿರಬೇಕಾಗಿರಲಿಲ್ಲ. ಬೆಳೆ ಕೈಕೊಟ್ಟ ಒಬ್ಬ ರೈತನಾಗಿದ್ದರೆ ಸಾಕಿತ್ತು. ಜೀತಪದ್ಧತಿಯನ್ನು 1976ರ ಕಾಯಿದೆಯಿಂದ ನಿಷೇಧಿಸಬೇಕಾಗಿ ಬಂದ ನಮ್ಮ ನಾಡಿನಲ್ಲಿ ಈ ಚಿತ್ರವನ್ನು ಬಹಳ ವಿವರಿಸಬೇಕಾಗಿಲ್ಲ.

ಕ್ರಮೇಣ ಮಾತು ನ್ಯಾಯಪೀಠದಿಂದ ಕೆಳಗಿಳಿಯಿತು. ಹೊರೇಸ್ ಕವಿ ತಾನು ಯಾವೊಬ್ಬ ಗುರುವಿನ ಪಂಥಕ್ಕೂ ಕಟ್ಟುಬಿದ್ದವನಲ್ಲವೆಂದು ಹೇಳುವಾಗ ಬಳಸಿದ್ದು ‘ಅಡ್ಡಿಕ್ಟುಸ್’ ಎಂಬುದನ್ನೇ. ಲಂಡನ್ನಿನ ರಾಯಲ್ ಸೊಸೈಟಿ ತನ್ನ ಧ್ಯೇಯವಾಕ್ಯವನ್ನು ಆ ಸಾಲಿನಿಂದಲೇ ಆಯ್ದುಕೊಂಡಿತು. ನಮ್ಮ ಪದವನ್ನು ಮಾತ್ರ ಕೈಬಿಟ್ಟಿತು.

ಹದಿನಾರನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಮಾತು ಒಂದು ವಿಚಿತ್ರ ಹೊರಳು ಹೊರಳಿತು. ರೋಮಿನಲ್ಲಿ ಒಪ್ಪಿಸುವವನು ಬೇರೆ, ಒಪ್ಪಿಸಲ್ಪಡುವವನು ಬೇರೆ. ಇಂಗ್ಲಿಷಿನಲ್ಲಿ ಮನುಷ್ಯ ತನ್ನನ್ನು ತಾನೇ ಒಪ್ಪಿಸಿಕೊಳ್ಳತೊಡಗಿದ. ಅದೂ ಒಳ್ಳೆಯದಕ್ಕೆ! 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಸ್ತೆಫನನ ಮನೆಯವರು ಭಕ್ತರ ಸೇವೆಗೆ ತಮ್ಮನ್ನು ‘ಅಡಿಕ್ಟ್’ ಮಾಡಿಕೊಂಡರೆಂದಿದೆ. ಆದರೆ ಅದಕ್ಕಿಂತ ಮೊದಲೇ, 1599ರ ಸುಮಾರಿನ ‘ಐದನೆಯ ಹೆನ್ರಿ’ ನಾಟಕದಲ್ಲಿ, ಷೇಕ್ಸ್‌ಪಿಯರ್ ಯುವರಾಜನ ಪೋಲಿತನಕ್ಕೆ ಇದೇ ಪದವನ್ನು ಅಂಟಿಸಿದ್ದ. 1755ರಲ್ಲಿ ಜಾನ್ಸನ್ ಪಂಡಿತ ತನ್ನ ನಿಘಂಟನ್ನು ಹೊರತರುವ ಹೊತ್ತಿಗೆ ಒಳ್ಳೆಯ ಅರ್ಥ ಅಪರೂಪ, ಕೆಟ್ಟ ಅರ್ಥವೇ ವಾಡಿಕೆ ಎನ್ನುವಂತಾಗಿತ್ತು.

ನಮ್ಮ ‘ವ್ಯಸನ’ ಬೇರೆ ದಾರಿಯಿಂದ ಅದೇ ಊರಿಗೆ ಬಂದಿದೆ. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರ ಎಸೆಯುವಂಥದು ವ್ಯಸನವೆಂದು ಕೌಟಿಲ್ಯನ ನಿರ್ವಚನ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿದ ‘ಅರ್ಥಶಾಸ್ತ್ರ’ದಲ್ಲಿ ಒಂದು ಅಧಿಕರಣವೇ ಇದಕ್ಕೆ ಮೀಸಲು. ರಾಜ್ಯಕ್ಕೆ ಒದಗುವ ಆಪತ್ತೂ ವ್ಯಸನ, ರಾಜನ ಬೇಟೆ, ಜೂಜು, ಸ್ತ್ರೀಲೋಲತೆ, ಕುಡಿತಗಳೂ ವ್ಯಸನ. ಕನ್ನಡದಲ್ಲಿ ದುಃಖವೂ ವ್ಯಸನವೇ. ಮಗ ಕುಡಿತಕ್ಕೆ ಬಿದ್ದ ಮನೆಯಲ್ಲಿ ಅವನಿಗೊಂದು ವ್ಯಸನ, ತಾಯಿಗೊಂದು ವ್ಯಸನ. ಇಂಗ್ಲಿಷ್ ಮಾತಿನಲ್ಲಿ ಈ ತಾಯಿಗೆ ಜಾಗವಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಫೀಮು, ಮಾರ್ಫಿಯಾಗಳ ವಶವಾದವರಿಗೆ ‘ಅಡಿಕ್ಟ್’ ಎಂಬುದು ಹೆಸರಾಗಿಯೇ ನಿಂತಿತು. ಈಗ ಯಜಮಾನ ಮನುಷ್ಯನಲ್ಲ, ಮದ್ದು. ಹಾಗಾದರೆ ಸಿಕ್ಕಿಬಿದ್ದವನು ಅಪರಾಧಿಯೋ ರೋಗಿಯೋ? 1957ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ‘ಅಡಿಕ್ಷನ್’ ಬೇರೆ, ಬರಿಯ ರೂಢಿ ಬೇರೆ ಎಂದು ಗೆರೆ ಎಳೆದರು. ಆ ಗೆರೆಯನ್ನು ಅನುಸರಿಸಿ 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಸಿಗರೇಟನ್ನು ರೂಢಿಯ ಪಕ್ಕಕ್ಕೆ ಸೇರಿಸಿತು. ಸಂಸ್ಥೆಯ ತಜ್ಞರು ಅದೇ ವರ್ಷ ಎರಡು ಪದಗಳನ್ನೂ ಬಿಟ್ಟು ‘ಅವಲಂಬನೆ’ ಎಂಬುದನ್ನು ಹಿಡಿದರು. ಆದರೆ ಸಿಗರೇಟಿಗೆ ಅಂಟಿದ ಸಾಧು ಹೆಸರು ಅಷ್ಟು ಬೇಗ ಹೋಗಲಿಲ್ಲ. ನಿಕೋಟಿನ್ ನಿಜವಾದ ಅಡಿಕ್ಷನ್ ಎಂದು ಸರ್ಜನ್ ಜನರಲ್ ವರದಿ ಸಾರಿದ್ದು 1988ರಲ್ಲಿ. ನಡುವೆ 24 ವರ್ಷ! ‘ಬರಿಯ ರೂಢಿ’ ಎಂದರೆ ಬಿಡದಿರುವುದು ಸೇದುವವನ ತಪ್ಪು, ‘ಅಡಿಕ್ಷನ್’ ಎಂದರೆ ಮಾರಿದವನೂ ಉತ್ತರ ಹೇಳಬೇಕು. 1994ರ ಏಪ್ರಿಲಿನಲ್ಲಿ ಏಳು ತಂಬಾಕು ಕಂಪೆನಿಗಳ ಮುಖ್ಯಸ್ಥರು ಅಮೆರಿಕದ ಸಂಸತ್ತಿನ ಸಮಿತಿಯೆದುರು ಸಾಲಾಗಿ ನಿಂತು, ಬಲಗೈ ಎತ್ತಿ ಪ್ರಮಾಣ ಮಾಡಿ, ನಿಕೋಟಿನ್ ಅಂಥದ್ದಲ್ಲವೆಂದು ತಾವು ನಂಬಿರುವುದಾಗಿ ಹೇಳಿದರು. ಪ್ರಮಾಣ, ಸಾಕ್ಷಿ, ವಿಚಾರಣೆ: ಮಾತು ಮತ್ತೆ ತನ್ನ ತವರಿಗೇ ಬಂದಿತ್ತು.

ಈಚೆಗೆ ಅದು ಮದ್ದುಗಳನ್ನೂ ದಾಟಿದೆ. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ರೋಗಗಳ ಕೈಪಿಡಿಯನ್ನು ಪರಿಷ್ಕರಿಸಿದಾಗ ಮದ್ಯ, ಅಫೀಮುಗಳಿರುವ ಅಧ್ಯಾಯಕ್ಕೆ ಜೂಜನ್ನೂ ಸೇರಿಸಿದರು. ಕೌಟಿಲ್ಯನ ಪಟ್ಟಿಯಲ್ಲಿ ಜೂಜೂ ಕುಡಿತವೂ ಮೊದಲಿನಿಂದ ಒಟ್ಟಿಗೇ ಇದ್ದವು.