ಹಳೆಯ ಆಲ್ಟೊಗೆ ಟರ್ಬೊ ಕೂರಿಸಿದರೆ ಏನಾಗುತ್ತದೆ?

ನಿಪ್ಪಾಣಿ ಮತ್ತು ಸಂಕೇಶ್ವರದ ನಡುವೆ ಹೆದ್ದಾರಿಯಲ್ಲಿ ತವಂದಿ ಘಟ್ಟ ಸಿಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಸಾಲದ್ದಕ್ಕೆ ಎಸಿ. 800 ಸಿಸಿಯ ಕಾರು ಅಲ್ಲಿ ನಾಲ್ಕನೇ ಗೇರಿನಿಂದ ಮೂರಕ್ಕೆ ಇಳಿಯುತ್ತದೆ, ಕೆಲವೊಮ್ಮೆ ಎರಡಕ್ಕೂ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ದಾಟಿ ಅಂಬೋಲಿಗೆ ಹೋಗಿ ಬರುವವರಿಗೂ ಇದೇ ಅನುಭವ. "ಗಾಡಿಗೆ ಪಿಕಪ್ಪೇ ಇಲ್ಲ" ಎಂದು ಬೇಸರಪಟ್ಟವರ ಮೊಬೈಲಿಗೆ ಯಾವುದೋ ವಿಡಿಯೊ ಬರುತ್ತದೆ: ಹಳೆಯ ಮಾರುತಿಗೆ ಟರ್ಬೊ ಹಾಕಿದ್ದೇವೆ, ಶಕ್ತಿ ದುಪ್ಪಟ್ಟಾಗಿದೆ, ಮೈಲೇಜೂ ಹೆಚ್ಚಾಗಿದೆ!

ಇದರಲ್ಲಿ ನಿಜವೆಷ್ಟು? ಟರ್ಬೊದಿಂದ ಶಕ್ತಿ ಹೆಚ್ಚುತ್ತದೆ ಎಂಬುದು ನಿಜ. ಆದರೆ ಅದನ್ನು ಸೀಟ್ ಕವರಿನ ಹಾಗೆ ಹೊರಗಿನಿಂದ ತಂದು ಸೇರಿಸಬಹುದು ಎಂಬುದು ಸುಳ್ಳು. ಮೈಲೇಜಿನ ಮಾತು ಬಹುಮಟ್ಟಿಗೆ ತಪ್ಪು ತಿಳಿವಳಿಕೆ.

ಟರ್ಬೊ ಮಾಡುವ ಕೆಲಸ

ಪೆಟ್ರೋಲ್ ಉರಿಯಲು ಗಾಳಿ ಬೇಕು. 1 ಕಿಲೊ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕಾಗುತ್ತದೆ. ಎಂಜಿನ್ನಿಗೆ ಹೆಚ್ಚು ಪೆಟ್ರೋಲ್ ಸುರಿಯುವುದು ಸುಲಭ, ಅದಕ್ಕೆ ತಕ್ಕ ಗಾಳಿ ತುಂಬುವುದೇ ಕಷ್ಟ. ಸಾಮಾನ್ಯ ಎಂಜಿನ್ ತನ್ನ ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ಒಳಬರುತ್ತದೋ ಅಷ್ಟರಲ್ಲೇ ಕೆಲಸ ಮಾಡಬೇಕು. ಜೊತೆಗೆ, ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿ ಶೇ. 7ರಷ್ಟು ತೆಳುವಾಗಿರುವುದರಿಂದ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ.

ಸೈಲೆನ್ಸರಿನ ಮೂಲಕ ವ್ಯರ್ಥವಾಗಿ ಹೋಗುವ ಬಿಸಿ ಹೊಗೆಯನ್ನು ಇಲ್ಲಿ ದುಡಿಸಿಕೊಳ್ಳಬಹುದು ಎಂದು ಯೋಚಿಸಿದವನು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬುಕಿ. 1905ರಲ್ಲಿ ಅವನು ಇದಕ್ಕೆ ಪೇಟೆಂಟ್ ಪಡೆದ. ಗೋಕಾಕ ಜಲಪಾತದಲ್ಲಿ ಧುಮುಕುವ ಘಟಪ್ರಭೆಯ ನೀರು ಟರ್ಬೈನಿನ ಚಕ್ರ ತಿರುಗಿಸುತ್ತದಲ್ಲ, ಹಾಗೆಯೇ ಇಲ್ಲಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಈ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಚಿಕ್ಕ ಟರ್ಬೊಗಳಲ್ಲಿ 2 ಲಕ್ಷವನ್ನೂ ಮುಟ್ಟುತ್ತದೆ. ಅದನ್ನು ಹಿಡಿದು ನಿಲ್ಲಿಸಿರುವುದು ತೆಳುವಾದ ಆಯಿಲ್ ಪದರ ಮಾತ್ರ.

ಒತ್ತಿದ ಗಾಳಿ ಬಿಸಿಯಾಗುತ್ತದೆ

ಸೈಕಲ್ಲಿಗೆ ಪಂಪು ಹೊಡೆದವರಿಗೆಲ್ಲ ಇದು ಗೊತ್ತು, ಪಂಪಿನ ಬುಡ ಕೈಗೆ ಬಿಸಿ ತಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ಒಂದೂವರೆ ಪಟ್ಟು ಒತ್ತಡಕ್ಕೆ ತಂದರೆ ಅದು 85ರಿಂದ 90 ಡಿಗ್ರಿಗೆ ಏರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ, ಒತ್ತಡ ಶೇ. 50 ಹೆಚ್ಚಿದರೂ ಸಿಲಿಂಡರಿಗೆ ಸೇರುವ ಗಾಳಿ ಹೆಚ್ಚುವುದು ಶೇ. 25ರಷ್ಟೇ. ನಡುವೆ ಇಂಟರ್‌ಕೂಲರ್ ಇಟ್ಟು ಗಾಳಿಯನ್ನು 50 ಡಿಗ್ರಿಗೆ ತಣಿಸಿದರೆ ಲಾಭ ಶೇ. 40ರ ಹತ್ತಿರ ಬರುತ್ತದೆ. ಇಂಟರ್‌ಕೂಲರ್ ಇಲ್ಲದ ಅಗ್ಗದ ಕಿಟ್ "ಶಕ್ತಿ ದುಪ್ಪಟ್ಟು" ಎಂದರೆ ಈ ಲೆಕ್ಕ ನೆನಪಿಸಿಕೊಳ್ಳಿ.

ಬಿಸಿಯಿಂದ ಇನ್ನೂ ದೊಡ್ಡ ಅಪಾಯವಿದೆ, ಅದು ನಾಕಿಂಗ್. 10:1 ಕಂಪ್ರೆಷನ್ ಅನುಪಾತದ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬಂದಾಗ ಒಳಗಿನ ಒತ್ತಡ, ಸ್ಥೂಲವಾಗಿ ಹೇಳುವುದಾದರೆ, ಹೊರಗಿನ ಗಾಳಿಯ 20 ಪಟ್ಟು. ಟರ್ಬೊ ಒಂದೂವರೆ ಪಟ್ಟು ಗಾಳಿ ತುಂಬಿದರೆ ಅದು 30 ಪಟ್ಟಾಗುತ್ತದೆ. ಆ ಒತ್ತಡ ಮತ್ತು ಬಿಸಿಗೆ ಪೆಟ್ರೋಲ್ ಮಿಶ್ರಣ ಮೂಲೆಮೂಲೆಯಲ್ಲಿ ತಾನಾಗಿಯೇ ಸಿಡಿಯತೊಡಗುತ್ತದೆ. ಬಾನೆಟ್ಟಿನಿಂದ ಟಣಟಣ ಸದ್ದು ಕೇಳುತ್ತದೆ. ಆ ಪೆಟ್ಟು ಮುಂದುವರಿದರೆ ಪಿಸ್ಟನ್ನಿನ ರಿಂಗ್ ಕೂರುವ ಅಂಚು ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕೊನೆಗೆ ಪಿಸ್ಟನ್ನೇ ತೂತಾಗಬಹುದು. ಅದಕ್ಕೇ ಟರ್ಬೊಗೆಂದು ವಿನ್ಯಾಸ ಮಾಡುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಕಂಪ್ರೆಷನ್ ಅನುಪಾತ ತಗ್ಗಿಸಿ, ಪಿಸ್ಟನ್ ಮತ್ತು ಕನೆಕ್ಟಿಂಗ್ ರಾಡನ್ನು ಗಟ್ಟಿಗೊಳಿಸುತ್ತಾರೆ. ಈಗಿನ ಸಣ್ಣ ಕಾರುಗಳು ಮೈಲೇಜಿಗಾಗಿ ಹೋಗಿರುವುದು ಇದಕ್ಕೆ ವಿರುದ್ಧ ದಿಕ್ಕಿಗೆ. ಮಾರುತಿಯ 1.2 ಲೀಟರ್ ಡ್ಯುಯಲ್‌ಜೆಟ್ ಎಂಜಿನ್ನಿನ ಅನುಪಾತ 12:1. ಅಂಥದ್ದಕ್ಕೆ ಹಾಗೇ ಟರ್ಬೊ ಕೂರಿಸಿದರೆ ಎಂಜಿನ್ ಬೇಗ ಕೈಕೊಡುತ್ತದೆ.

ಕಾರಿನ ಇಸಿಯು, ಅಂದರೆ ಪೆಟ್ರೋಲ್ ಎಷ್ಟು ಚಿಮ್ಮಬೇಕೆಂದು ನಿರ್ಧರಿಸುವ ಕಂಪ್ಯೂಟರ್, ಇದರಿಂದ ಮೋಸ ಹೋಗುತ್ತದೆ. ಟರ್ಬೊ ಇಲ್ಲದ ಕಾರಿನ ಒತ್ತಡದ ಸೆನ್ಸರ್ ಸಾಮಾನ್ಯವಾಗಿ ಹೊರಗಿನ ಗಾಳಿಯ ಮಟ್ಟದವರೆಗಷ್ಟೇ ಅಳೆಯುತ್ತದೆ. ಅದಕ್ಕಿಂತ ಹೆಚ್ಚು ಗಾಳಿ ಬಂದರೂ ಕಂಪ್ಯೂಟರಿಗೆ ತಿಳಿಯದು. ಹೆಚ್ಚಿನ ಗಾಳಿ, ಹಳೆಯ ಅಳತೆಯ ಪೆಟ್ರೋಲ್: ಮಿಶ್ರಣ ತೆಳುವಾಗಿ, ಬೆಂಕಿ ಅತಿ ಬಿಸಿಯಾಗಿ, ವಾಲ್ವುಗಳು ಸುಡುತ್ತವೆ.

"ಟ್ರ್ಯಾಕ್ಟರಿಗೆ ಇದೆಯಲ್ಲ!"

ಹುಕ್ಕೇರಿ, ಗೋಕಾಕ, ಮೂಡಲಗಿಯ ರಸ್ತೆಗಳಲ್ಲಿ ಕಬ್ಬಿನ ಸೀಸನ್ನಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳನ್ನು ನೋಡಿದವರು ಈ ಪ್ರಶ್ನೆ ಕೇಳುವುದು ಸಹಜ. ಹಲವು ದೊಡ್ಡ ಟ್ರ್ಯಾಕ್ಟರುಗಳಿಗೆ, ಲಾರಿ, ಬೊಲೆರೊಗಳಿಗೆ ಟರ್ಬೊ ಇದೆ. ಆದರೆ ಅವು ಡೀಸೆಲ್. ಡೀಸೆಲ್ ಎಂಜಿನ್ ಒತ್ತುವುದು ಬರೀ ಗಾಳಿಯನ್ನು, ಇಂಧನ ಕೊನೆಯ ಗಳಿಗೆಯಲ್ಲಿ ಒಳಬರುತ್ತದೆ. ಮೊದಲೇ ಸಿಡಿಯಲು ಅಲ್ಲಿ ಮಿಶ್ರಣವೇ ಇರುವುದಿಲ್ಲ. ಹೆಚ್ಚಿನ ಒತ್ತಡ ತಾಳಲೆಂದೇ ಅದರ ಎರಕವೂ ದಪ್ಪ.

ಇನ್ನೊಂದು ಉದಾಹರಣೆಯನ್ನು ಕಾರುಪ್ರಿಯರು ಕೊಡುತ್ತಾರೆ. ಜಪಾನಿನಲ್ಲಿ ಸುಜುಕಿ 1987ರಲ್ಲಿ ಆಲ್ಟೊ ವರ್ಕ್ಸ್ ಎಂಬ ಕಾರು ತಂದಿತು. ಎಂಜಿನ್ ಬರೀ 543 ಸಿಸಿ, ಟರ್ಬೊದೊಂದಿಗೆ ಶಕ್ತಿ 64 ಪಿಎಸ್. ನಮ್ಮ 796 ಸಿಸಿಯ ಆಲ್ಟೊ 800 ಕೊಡುತ್ತಿದ್ದುದು 48 ಪಿಎಸ್. ಉದಾಹರಣೆ ನಿಜವೇ. ಆದರೆ ಅಲ್ಲಿ ಕಾರ್ಖಾನೆಯೇ ಎರಡು ಕ್ಯಾಮ್‌ಶಾಫ್ಟ್, 12 ವಾಲ್ವುಗಳ ಬೇರೆ ಹೆಡ್ ಕೂರಿಸಿತ್ತು. ನಮ್ಮಲ್ಲೂ 2018ರಲ್ಲಿ ಟಿಯಾಗೊ ಜೆಟಿಪಿ ಬಂತು, ಟಾಟಾ ಮತ್ತು ಕೊಯಮತ್ತೂರಿನ ಜಯಂ ಸಂಸ್ಥೆ ಸೇರಿ ಮಾಡಿದ್ದು. ಸಾಮಾನ್ಯ ಟಿಯಾಗೊದ 85 ಪಿಎಸ್ ಇದರಲ್ಲಿ 114 ಆಯಿತು. ಎಂಜಿನ್ನಿನ ಜೊತೆಗೆ ಸಸ್ಪೆನ್ಷನ್, ಟೈರ್, ಗೇರ್ ಅನುಪಾತಗಳನ್ನೂ ಬದಲಿಸಿದ್ದರು. ಗ್ಯಾರೇಜಿನ ಕಿಟ್ಟಿನಲ್ಲಿ ಇವು ಯಾವುವೂ ಇರುವುದಿಲ್ಲ. 48 ಪಿಎಸ್‌ಗೆ ಮಾಡಿದ ಬ್ರೇಕು, ಕ್ಲಚ್ಚುಗಳೇ 70 ಪಿಎಸ್ ಅನ್ನು ತಡೆದುಕೊಳ್ಳಬೇಕು. ನನ್ನ ಆತಂಕ ಎಂಜಿನ್ನಿಗಿಂತ ಬ್ರೇಕಿನ ಬಗ್ಗೆಯೇ ಹೆಚ್ಚು.

ಮೈಲೇಜಿನ ಕಥೆ

ಈ ನಂಬಿಕೆ ಎಲ್ಲಿಂದ ಹುಟ್ಟಿತೆಂದು ಊಹಿಸಬಹುದು. 2020ರ ಕೊನೆಗೆ ಬಂದ ನಿಸಾನ್ ಮ್ಯಾಗ್ನೈಟ್‌ನ ಸಾಮಾನ್ಯ ಎಂಜಿನ್ 72 ಪಿಎಸ್, ಟರ್ಬೊ ಎಂಜಿನ್ 100 ಪಿಎಸ್. ಎರಡೂ 1 ಲೀಟರಿನವೇ. ಮ್ಯಾನ್ಯುಯಲ್ ಗೇರಿನಲ್ಲಿ ಕಂಪನಿ ಘೋಷಿಸಿದ ಮೈಲೇಜ್ ಕ್ರಮವಾಗಿ 18.75 ಮತ್ತು 20 ಕಿಲೋಮೀಟರ್. ಟರ್ಬೊಗೇ ಹೆಚ್ಚು! ಆದರೆ ಅವೆರಡು ಬೇರೆ ಬೇರೆ ಎಂಜಿನ್‌ಗಳು, ಟರ್ಬೊ ಇರುವುದರ ಸಿಲಿಂಡರಿಗೆ ಉಜ್ಜಾಟ ತಗ್ಗಿಸುವ ವಿಶೇಷ ಲೇಪನವೂ ಇದೆ. ಟರ್ಬೊದಿಂದ ಇಂಧನ ಉಳಿಯುವುದು ದೊಡ್ಡ ಎಂಜಿನ್ನಿನ ಜಾಗದಲ್ಲಿ ಚಿಕ್ಕ ಎಂಜಿನ್ ಇಟ್ಟಾಗ. ಇದ್ದ ಎಂಜಿನ್ನಿಗೇ ಸೇರಿಸಿದರೆ ಉಳಿಯುವುದಿಲ್ಲ. ನಾಕಿಂಗ್ ತಪ್ಪಿಸಲು ಕಂಪ್ರೆಷನ್ ಇಳಿಸಿದರಂತೂ ಮೈಲೇಜ್ ಕುಸಿಯುತ್ತದೆ.

ಹಾಗಾದರೆ ಎಥೆನಾಲ್? ಬೆಳಗಾವಿ ಜಿಲ್ಲೆಯ ಕಬ್ಬೂ ಈಗ ಪೆಟ್ರೋಲ್ ಬಂಕ್ ಸೇರುತ್ತಿದೆ. ಎಥೆನಾಲ್‌ನ ಆಕ್ಟೇನ್ ಸಂಖ್ಯೆ 108ರ ಆಸುಪಾಸು, ಹಾಗಾಗಿ ಅದು ನಾಕಿಂಗ್ ತಡೆಯುತ್ತದೆ ಎಂಬುದು ಸರಿ. ಆದರೆ ಲೀಟರಿಗೆ ಅದರ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ. ಶೇ. 20ರ ಮಿಶ್ರಣ ನಾಕಿಂಗನ್ನು ತುಸು ದೂರ ತಳ್ಳಬಹುದು, ದುರ್ಬಲ ಪಿಸ್ಟನ್ನನ್ನು ಗಟ್ಟಿ ಮಾಡುವುದಿಲ್ಲ.

ಕೆಲವೇ ನೂರು ರೂಪಾಯಿಯ ಟರ್ಬೊ

ಗಾಳಿಯ ಪೈಪಿಗೆ ಸಿಕ್ಕಿಸುವ 12 ವೋಲ್ಟಿನ "ಎಲೆಕ್ಟ್ರಿಕ್ ಟರ್ಬೊ" ಫ್ಯಾನ್ ಆನ್‌ಲೈನಿನಲ್ಲಿ ಸಿಗುತ್ತದೆ. 800 ಸಿಸಿ ಎಂಜಿನ್ 5,000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 2,000 ಲೀಟರ್ ಗಾಳಿ ಎಳೆಯುತ್ತದೆ. ಅಷ್ಟನ್ನು ಒಂದೂವರೆ ಪಟ್ಟು ಒತ್ತಲು 2 ಕಿಲೋವ್ಯಾಟ್‌ಗೂ ಹೆಚ್ಚು ಶಕ್ತಿ, ಅಂದರೆ 12 ವೋಲ್ಟಿನಲ್ಲಿ 180 ಆಂಪಿಯರ್ ದಾಟುವ ಕರೆಂಟು ಬೇಕು. ಸಣ್ಣ ಕಾರಿನ ಆಲ್ಟರ್ನೇಟರ್ ಅದರ ಅರ್ಧವನ್ನೂ ಕೊಡಲಾರದು. ಆ ಫ್ಯಾನ್ ಗಾಳಿಗೆ ಅಡ್ಡಿಯಾಗುತ್ತದೆ, ಅಷ್ಟೇ. ಸೈಲೆನ್ಸರಿಗೆ ಸಿಕ್ಕಿಸುವ ಟರ್ಬೊ ಸೀಟಿ ಬರೀ ಸದ್ದು.

ಕಾನೂನು ಏನನ್ನುತ್ತದೆ?

ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ, ತಯಾರಕರು ಮೊದಲು ನಿರ್ದಿಷ್ಟಪಡಿಸಿದ್ದಕ್ಕಿಂತ ಆರ್‌ಸಿಯ ವಿವರಗಳು ಬೇರೆಯಾಗುವ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದ್ದರೆ, ಅಪಘಾತವಾದಾಗ ನಿಮ್ಮ ಗಾಡಿಯ ಕ್ಲೇಮನ್ನು ಅದು ತಿರಸ್ಕರಿಸಲು ಕಾರಣ ಸಿಕ್ಕಂತೆ.

ಘಟ್ಟ ಹತ್ತುವುದು ಹೇಗೆ?

ಒಂದು ಲೆಕ್ಕ ನೋಡಿ. ಜನ, ಸಾಮಾನು ಸೇರಿ 1,100 ಕಿಲೊ ತೂಗುವ ಕಾರು, 100 ಮೀಟರಿಗೆ 5 ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗಲು, ಗಾಳಿ ಮತ್ತು ಟೈರಿನ ತಡೆಯೂ ಸೇರಿ ಬೇಕಾಗುವುದು ಸುಮಾರು 20 ಪಿಎಸ್. ಆಲ್ಟೊದಲ್ಲಿ 48 ಇದೆ! ಆದರೆ ಆ 48 ಸಿಗುವುದು 6,000 ಆರ್‌ಪಿಎಂನಲ್ಲಿ. ನಾಲ್ಕನೇ ಗೇರಿನಲ್ಲಿ ಎಂಜಿನ್ನನ್ನು ನರಳಿಸುವ ಬದಲು ಏರು ಶುರುವಾಗುವ ಮೊದಲೇ ಮೂರಕ್ಕೆ ಇಳಿಸಿ, ಎಂಜಿನ್ ತುಸು ಕೂಗಲಿ, ಕೆಲವು ನಿಮಿಷ ಎಸಿ ನಿಲ್ಲಿಸಿ.

ಇಷ್ಟಾದರೂ ಗಾಡಿ ಎಳೆಯದಿದ್ದರೆ ಕಾರಣ ಸಾಮಾನ್ಯವಾಗಿ ಸವಕಳಿ. ಮಿಸ್ತ್ರಿಯ ಹತ್ತಿರ ಮೊದಲು ಸಿಲಿಂಡರುಗಳ ಕಂಪ್ರೆಷನ್ ಅಳೆಸಿ. ಕ್ಲಚ್ ಜಾರುತ್ತಿದೆಯೇ, ಏರ್ ಫಿಲ್ಟರ್ ಅಥವಾ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆಯೇ, ಬ್ರೇಕ್ ಹಿಡಿದುಕೊಂಡೇ ಇದೆಯೇ ಎಂದು ನೋಡಿಸಿ.

ಟರ್ಬೊ ಬೇಕೇ ಬೇಕು ಎನ್ನುವವರು ಕಾರ್ಖಾನೆಯಲ್ಲೇ ಟರ್ಬೊ ಹಾಕಿದ ಸೆಕೆಂಡ್ ಹ್ಯಾಂಡ್ ಕಾರು ನೋಡುವುದು ಲೇಸು. ಕೊಳ್ಳುವಾಗ ಆಯಿಲ್ ಬದಲಿಸಿದ ದಾಖಲೆ ಕೇಳಿ, ಎಕ್ಸಲರೇಟರ್ ಒತ್ತಿದಾಗ ನೀಲಿ ಹೊಗೆ ಬರುತ್ತದೆಯೇ, ಟರ್ಬೊದಿಂದ ಕೀರಲು ಸದ್ದು ಬರುತ್ತದೆಯೇ ಗಮನಿಸಿ. ಕೊಂಡ ಮೇಲೆ, ಘಟ್ಟ ಹತ್ತಿ ಚಹಾಕ್ಕೆ ನಿಂತಾಗ ತಕ್ಷಣ ಕೀಲಿ ತಿರುವದೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡಲು ಬಿಡಿ. ಇಲ್ಲವಾದರೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸುಟ್ಟು ಕರಿ ಕಟ್ಟುತ್ತದೆ.