ತೆನೆಯಲ್ಲೇ ಮೊಳೆಯುವ ಗೋಧಿ: ಭ್ರೂಣದ ತಡೆಯ ಹುಡುಕಾಟ

ಕೊಯ್ಲಿಗೆ ಬಂದ ಗೋಧಿಯ ಮೇಲೆ ಮಳೆ ಹಿಡಿದು ಕೂತರೆ ಕಾಳು ತೆನೆಯಲ್ಲೇ ಮೊಳೆಯುತ್ತದೆ. ಆಲ್ಫಾ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಅಂಥ ಕಾಳಿನ ಹಿಟ್ಟು ಕಲಸಿದರೆ ಅಂಟಾಗುತ್ತದೆ, ಬ್ರೆಡ್ಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಕೆಲವು ತಳಿಗಳು ಮಾತ್ರ ಇದನ್ನು ತಡೆದುಕೊಳ್ಳುವುದೇಕೆ? ಸ್ವೀಡನ್ನಿನ ತಳಿವಿಜ್ಞಾನಿ ನಿಲ್ಸನ್-ಏಲೆ 1914ರಲ್ಲಿ ಈ ಗುಣವನ್ನು ಕಾಳಿನ ಕೆಂಪು ಬಣ್ಣದೊಡನೆ ಜೋಡಿಸಿದರು. ಅವರು ಕಂಡದ್ದು ನಿಜವೇ. ಆದರೆ ಬಣ್ಣವಿರುವುದು ಸಿಪ್ಪೆಯಲ್ಲಿ, ಮೊಳೆಯುವುದು ಭ್ರೂಣ. ಹಾಗಾಗಿ ತಡೆಯ ಒಂದು ಪಾಲನ್ನು ಭ್ರೂಣದೊಳಗೇ ಹುಡುಕಬೇಕಿತ್ತು.

ಅದಕ್ಕೆ ಬೇಕಾದ ರಾಸಾಯನಿಕದ ಸುಳಿವು ಗೋಧಿಯಿಂದ ಬರಲಿಲ್ಲ. 1963ರಲ್ಲಿ ಕ್ಯಾಲಿಫೋರ್ನಿಯಾದ ಓಕುಮಾ, ಆ್ಯಡಿಕಾಟ್ ಮತ್ತು ಸಂಗಡಿಗರು ಹತ್ತಿಯ ಎಳೆಕಾಯಿಗಳಿಂದ ಒಂದು ಹಾರ್ಮೋನನ್ನು ಬೇರ್ಪಡಿಸಿದರು. ಬ್ರಿಟನ್ನಿನಲ್ಲಿ ವೇರಿಂಗ್ ಮೊಗ್ಗುಗಳ ಸುಪ್ತಾವಸ್ಥೆಯ ಬೆನ್ನುಹತ್ತಿ ಗುರುತಿಸಿದ್ದೂ ಅದೇ ವಸ್ತುವೆಂದು 1965ರಲ್ಲಿ ಖಚಿತವಾಯಿತು. ಅದೇ ಅಬ್ಸಿಸಿಕ್ ಆಮ್ಲ. ಬಲಿಯದ ಗೋಧಿ ಭ್ರೂಣವನ್ನು ಕಾಳಿನಿಂದ ಬಿಡಿಸಿ ಪೋಷಕ ಮಾಧ್ಯಮದ ಮೇಲಿಟ್ಟರೆ ಅದು ಅವಧಿಗೆ ಮುಂಚೆಯೇ ಮೊಳೆಯುತ್ತದೆ. ಈ ಹಾರ್ಮೋನು ಸೇರಿಸಿದರೆ ಮೊಳೆಯದೆ ಭ್ರೂಣವಾಗಿಯೇ ಬಲಿಯುತ್ತದೆ.

ಹಾಗಿದ್ದರೆ ಹಾರ್ಮೋನು ಹೆಚ್ಚಿದ್ದ ತಳಿಯೇ ಗಟ್ಟಿ ಎಂಬ ಊಹೆ ಸಹಜ. 1987ರಲ್ಲಿ ಅಮೆರಿಕದ ವಾಕರ್-ಸಿಮನ್ಸ್ ಮೊಳಕೆಯನ್ನು ತಡೆಯುವ ಬ್ರೆವರ್ ತಳಿಯನ್ನು, ತಡೆಯಲಾರದ ಗ್ರೀರ್ ತಳಿಯ ಜತೆಗಿಟ್ಟು ಅಳೆದು ನೋಡಿದರು. ಹಾರ್ಮೋನಿನ ಪ್ರಮಾಣದಲ್ಲಿ ಕಂಡ ವ್ಯತ್ಯಾಸ ಚಿಕ್ಕದು, ಹಾರ್ಮೋನಿಗೆ ಭ್ರೂಣ ಓಗೊಡುವ ರೀತಿಯಲ್ಲಿ ಕಂಡದ್ದು ದೊಡ್ಡದು. ಈ ಇತಿಹಾಸದ ನಿಜವಾದ ತಿರುವು ಇದೇ ಎಂದು ನಾನು ಭಾವಿಸುತ್ತೇನೆ. ಹಾರ್ಮೋನು ಎಷ್ಟಿದೆ ಎಂದು ಅಳೆಯುವುದಕ್ಕಿಂತ, ಅದರ ಸಂಜ್ಞೆಯನ್ನು ಭ್ರೂಣದ ಜೀವಕೋಶ ಹೇಗೆ ಗ್ರಹಿಸುತ್ತದೆ ಎಂದು ಕೇಳುವುದು ಆಮೇಲೆ ಮುಖ್ಯವಾಯಿತು.

ಆ ಪ್ರಶ್ನೆಗೆ ಒದಗಿಬಂದದ್ದು ಗೋಧಿ ಭ್ರೂಣದ 'ಇಎಂ' ಎಂಬ ವಂಶವಾಹಿ. ಅಬ್ಸಿಸಿಕ್ ಆಮ್ಲ ಸಿಕ್ಕಾಗ ಅದು ಚುರುಕಾಗುತ್ತದೆ. ಮಾರ್ಕಾಟ್, ಬೇಲಿ, ಕ್ವಾಟ್ರಾನೊ 1988ರಲ್ಲಿ ಅದರ ನಿಯಂತ್ರಕ ಭಾಗವನ್ನು ಭತ್ತದ ಗೋಡೆ ಕಳಚಿದ ಜೀವಕೋಶಗಳಿಗೆ ಸೇರಿಸಿದರು. ಅಲ್ಲಿಯೂ ಅದು ಹಾರ್ಮೋನಿಗೆ ಸ್ಪಂದಿಸಿತು. ಆ ಭಾಗಕ್ಕೆ ಅಂಟಿಕೊಳ್ಳುವ ಪ್ರೋಟೀನು 1990ರಲ್ಲಿ ಪತ್ತೆಯಾಯಿತು. ಮರುವರ್ಷವೇ ಮೆಕ್ಕಾರ್ಟಿ ಮತ್ತು ಸಂಗಡಿಗರು ಮೆಕ್ಕೆಜೋಳದ 'ವಿಪಿ1' ವಂಶವಾಹಿಯ ಕೆಲಸವನ್ನು ಬಿಡಿಸಿ ತೋರಿಸಿದರು. ಅದು ಕೆಟ್ಟರೆ ಮೆಕ್ಕೆಜೋಳ ತೆನೆಯಲ್ಲೇ ಮೊಳೆಯುತ್ತದೆ. ಅದರ ಪ್ರೋಟೀನು ಬೇರೆ ವಂಶವಾಹಿಗಳನ್ನು ಎಚ್ಚರಿಸುತ್ತದೆಂದು ಸಾಬೀತುಪಡಿಸಲು ಅವರು ಬಳಸಿದ್ದು ಗೋಧಿಯ ಇದೇ 'ಇಎಂ' ತುಣುಕನ್ನು. ಮೆಕ್ಕೆಜೋಳದ ಈ ಸಾಧನೆಯಲ್ಲಿ ಗೋಧಿ ಭ್ರೂಣದ ಪಾಲನ್ನು ಮರೆಯಬಾರದು.

ಗೋಧಿಯಲ್ಲಿಯೇ 'ವಿಪಿ1' ಏನಾಗಿದೆ? 2002ರಲ್ಲಿ ಮೆಕಿಬಿನ್, ಹೋಲ್ಡ್ಸ್‌ವರ್ತ್ ಮತ್ತು ಸಂಗಡಿಗರು ಕೊಟ್ಟ ಉತ್ತರ ಬೆರಗು ಹುಟ್ಟಿಸುವಂಥದ್ದು. ಇಂದಿನ ಗೋಧಿಯಲ್ಲಿ ಈ ವಂಶವಾಹಿಯ ಆರ್‌ಎನ್‌ಎ ಸರಿಯಾಗಿ ಜೋಡಣೆಯಾಗುವುದಿಲ್ಲ. ಆದ್ದರಿಂದ ಪೂರ್ಣ ಪ್ರೋಟೀನು ಕಡಿಮೆ. ಗೋಧಿಯ ಪೂರ್ವಜ ಪ್ರಭೇದಗಳಲ್ಲೂ ಇದೇ ದೋಷ ಸಿಕ್ಕಿತು. ಅಂದರೆ ಇದನ್ನು ಆಧುನಿಕ ತಳಿ ಅಭಿವೃದ್ಧಿಯ ತಲೆಗೆ ಕಟ್ಟುವಂತಿಲ್ಲ. ಕಾಡು ಓಟ್ಸ್‌ನ ಸರಿಯಾದ 'ವಿಪಿ1' ಅನ್ನು ಸೇರಿಸಿದ ಗೋಧಿಯ ಭ್ರೂಣ ಅಬ್ಸಿಸಿಕ್ ಆಮ್ಲಕ್ಕೆ ಹೆಚ್ಚು ಓಗೊಟ್ಟಿತು, ತೆನೆಯಲ್ಲಿ ಮೊಳೆಯುವುದೂ ತಗ್ಗಿತು.

ಮುಂದಿನ ಎರಡು ಶೋಧಗಳು ಜಪಾನಿನ ಸಂಶೋಧಕರವು. ಕಾಳು ಬಲಿಯುವಾಗ ತಂಪಿದ್ದರೆ ಸುಪ್ತಾವಸ್ಥೆ ಗಾಢವಾಗುತ್ತದೆ. ಆಗ ಭ್ರೂಣದಲ್ಲಿ 'ಎಂಎಫ್‌ಟಿ' ವಂಶವಾಹಿಯ ಚಟುವಟಿಕೆ ಏರುತ್ತದೆಂದು ನಕಾಮುರಾ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದರು. 2016ರಲ್ಲಿ ತೊರಾಡಾ ಅವರ ತಂಡ 4ಎ ವರ್ಣತಂತುವಿನ ಮೇಲೆ 'ಎಂಕೆಕೆ3' ಎಂಬ ಕೈನೇಸ್ ವಂಶವಾಹಿಯನ್ನು ಗುರುತಿಸಿತು. ಅದರ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸುಪ್ತಾವಸ್ಥೆಯ ಅವಧಿ ಬದಲಾಗುತ್ತದೆ. ಅಂಥ ಬದಲಾವಣೆಯನ್ನು ಎಳೆ ಸಸಿಯ ಎಲೆಯ ಡಿಎನ್‌ಎಯಲ್ಲೇ ಗುರುತಿಸಬಹುದಾದ್ದರಿಂದ, ತಳಿ ಆರಿಸುವವರು ತೆನೆ ಮಾಗಿ ಮಳೆ ಬರುವವರೆಗೆ ಕಾಯಬೇಕಿಲ್ಲ.